ಶಾಸನದ ಮುಂದೆ ಹಿಡಿಯುವ ಕ್ಯಾಮೆರಾ: ₹15,000 ಮಿತಿಯಲ್ಲಿ ಒಂದು ಆಯ್ಕೆ

ನಮ್ಮ ಸೋದರಮಾವ ನಿವೃತ್ತ ಕನ್ನಡ ಮೇಷ್ಟ್ರು. ಇರುವುದು ಸೊರಬ ತಾಲ್ಲೂಕಿನಲ್ಲಿ. ರಿಟೈರ್ ಆದಮೇಲೆ ಅವರು ಹಿಡಿದ ಕೆಲಸ ಒಂದೇ. ಸುತ್ತಲಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಫೋಟೊ ತೆಗೆದು ಊರುವಾರು ಜೋಡಿಸಿಡುವುದು. ಈ ಕಡೆ ಕಲ್ಲುಗಳಿಗೆ ಬರವಿಲ್ಲ. ಇತ್ತ ಉದ್ರಿ, ಕುಬಟೂರು. ಅತ್ತ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದ, ಬಂದಳಿಕೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 8ನೇ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳಿಗೆ ನಂಬರ್ ಕೊಟ್ಟು ಪಾಠ ಅಚ್ಚು ಹಾಕಿದ್ದಾರೆ. ಮಾವ ಆ ನಂಬರ್ ಹಿಡಿದುಕೊಂಡು ಕಲ್ಲು ಹುಡುಕಿ ಹೊರಡುತ್ತಾರೆ.

ದೊಡ್ಡ ದೇವಸ್ಥಾನದ ಕಲ್ಲುಗಳಿಗೆ ಬೇಲಿ ಇದೆ, ಬೋರ್ಡ್ ಇದೆ. ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ, ಅಡಿಕೆ ತೋಟದ ಮೂಲೆಯಲ್ಲಿ ನಿಂತ ಕಲ್ಲುಗಳಿಗೆ ಯಾರಿದ್ದಾರೆ? ರಸ್ತೆ ಅಗಲ ಮಾಡುವಾಗ ಒಂದು ಕಲ್ಲು ಮೋರಿಗೆ ಹಾಸಾಗುತ್ತದೆ. ನಿಧಿ ಆಸೆಗೆ ಬಂದವರು ಇನ್ನೊಂದನ್ನು ಕಿತ್ತು ಒಡೆಯುತ್ತಾರೆ. ಹಾಗೆ ಹೋದ ಕಲ್ಲಿಗೆ ಉಳಿಯುವುದು ಫೋಟೊ ಮಾತ್ರ. ಅದಕ್ಕೇ ಈ ಕೆಲಸದಲ್ಲಿ ಕ್ಯಾಮೆರಾ ಅನ್ನುವುದು ಹವ್ಯಾಸದ ಸಾಮಾನಲ್ಲ. ಅದು ಕೆಟ್ಟು ಕೂತರೆ ಕೆಲಸವೇ ನಿಂತುಹೋಗುತ್ತದೆ.

ಮಾವನ ಕ್ಯಾಮೆರಾ ಕೆಟ್ಟೇ ಹೋಯಿತು. 2011ರ ಸುಮಾರಿಗೆ ಕೊಂಡ ಸಣ್ಣ ಕ್ಯಾಮೆರಾ ಅದು. 12 ಮೆಗಾಪಿಕ್ಸೆಲ್, 4 ಪಟ್ಟು ಝೂಮ್, ಎರಡು ಎಎ ಸೆಲ್. ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು ಕಿರ್ ಅಂತ ನಿಲ್ಲುತ್ತಿತ್ತು. ಪರದೆಯ ಮೇಲೆ ಲೆನ್ಸ್ ಎರರ್ ಎಂದು ತೋರಿಸಿ ಆಫ್ ಆಗುತ್ತಿತ್ತು. ಒಳಹೊರಗೆ ಸರಿಯುವ ಲೆನ್ಸ್ ಇರುವ ಸಣ್ಣ ಕ್ಯಾಮೆರಾಗಳು ಸಾಯುವುದು ಹೆಚ್ಚಾಗಿ ಹೀಗೇ. ಲೆನ್ಸ್ ಕೊಳವೆಗಳ ನಡುವೆ ಒಂದು ಮರಳಿನ ಕಾಳು ಸೇರಿದರೂ ಹಲ್ಲುಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ರಿಪೇರಿಗೆ ಕೇಳಿದೆವು. ಇಡೀ ಲೆನ್ಸ್ ಯೂನಿಟ್ ಬದಲಿಸಬೇಕು, ಆ ಮಾಡೆಲ್‌ನ ಬಿಡಿಭಾಗ ಈಗ ಬರುವುದಿಲ್ಲ ಎಂಬ ಉತ್ತರ ಬಂತು. ಅಲ್ಲಿಗೆ ಆ ದಾರಿ ಮುಗಿಯಿತು.

ಬಜೆಟ್ ₹15,000. ಪಿಂಚಣಿ ದುಡ್ಡು, ಅದರ ಮೇಲೆ ಹೋಗುವಂತಿಲ್ಲ. ಮಾವನ ಷರತ್ತು ಎರಡು. ಕ್ಯಾಮೆರಾ ಜೇಬಿನಲ್ಲಿ ಕೂರಬೇಕು, ಯಾಕೆಂದರೆ ಓಡಾಟವೆಲ್ಲ ಸ್ಕೂಟರ್ ಮೇಲೆ. ಎರಡನೆಯದು, ದೊಡ್ಡ ಕ್ಯಾಮೆರಾ ಬೇಡವೇ ಬೇಡ. “ನೋಡಪ್ಪ, ಕುತ್ತಿಗೆಗೆ ದೊಡ್ಡ ಕ್ಯಾಮೆರಾ ನೇತಾಕ್ಕೊಂಡು ತೋಟದೊಳಗೆ ಹೋದ್ರೆ ನಿಧಿ ಹುಡುಕೋಕೆ ಬಂದವ್ರು ಅಂದ್ಕೊಳ್ತಾರೆ. ಸಣ್ಣದಿದ್ರೆ ಮಾತಾಡಿಸ್ತಾರೆ, ಮಜ್ಜಿಗೆ ಕೊಡ್ತಾರೆ, ಕಲ್ಲು ಎಲ್ಲಿದೆ ಅಂತ ತಾವೇ ತೋರಿಸ್ತಾರೆ” ಎಂದರು. ಇದು ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಸಿಗುವ ವಿಷಯವಲ್ಲ. ಆದರೆ ಆಯ್ಕೆಯ ಅರ್ಧ ಭಾಗ ಇಲ್ಲೇ ತೀರ್ಮಾನ ಆಯಿತು.

ಕಲ್ಲು ಏನು ಕೇಳುತ್ತದೆ

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾಳಗ. ನಡುವೆ, ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಲಿಂಗದ ಸನ್ನಿಧಿಯಲ್ಲಿ ಕೂತ ವೀರ. ಬರಹ ಇರುವುದು ಪಟ್ಟಿಕೆಗಳ ನಡುವಿನ ಕಿರಿದಾದ ಅಡ್ಡಪಟ್ಟಿಯಲ್ಲಿ. ಅಕ್ಷರ ನೋಡಲು ದೊಡ್ಡದೇ ಇದ್ದರೂ ಕೆತ್ತನೆಯ ಆಳ ತೀರಾ ಕಡಿಮೆ. ನೂರಾರು ವರ್ಷ ಮಳೆ ಬಿಸಿಲು ತಿಂದ ಕಲ್ಲು, ಅದರ ಮೇಲೆ ಪಾಚಿ, ಕಲ್ಲುಹೂವು. ಊರವರು ಎಣ್ಣೆ ಹಚ್ಚಿ ಪೂಜೆ ಮಾಡುವ ಕಲ್ಲಾದರೆ ಮಿರಮಿರ ಹೊಳೆಯುತ್ತದೆ, ಅದು ಇನ್ನೂ ಕಷ್ಟ.

ಇಂಥ ಅಕ್ಷರ ಕಣ್ಣಿಗೆ ಕಾಣುವುದೇ ನೆರಳಿನಿಂದ. ಬಿಸಿಲು ನೇರವಾಗಿ ಮುಖಕ್ಕೆ ಬಿದ್ದರೆ ಬರಹ ಮಾಯ. ಬೆಳಕು ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಬಿದ್ದರೆ ಗೀರಿನ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಅಂಚಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಆಗ ಸವೆದ ಅಕ್ಷರವೂ ಎದ್ದು ಬರುತ್ತದೆ. ಬೆಳಗಿನ, ಸಂಜೆಯ ಓರೆ ಬಿಸಿಲು ಇದಕ್ಕೆ ಒಳ್ಳೆಯದು. ಬಿಸಿಲೇ ಬೀಳದ ಕಡೆ ಇರುವ ಕಲ್ಲಿಗೆ ಮಾವ ಒಂದು ಕನ್ನಡಿ ಒಯ್ಯುತ್ತಾರೆ. ಜೊತೆಗಿದ್ದವರು ಸ್ವಲ್ಪ ದೂರದ ಬಿಸಿಲಿನಲ್ಲಿ ನಿಂತು ಕನ್ನಡಿ ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬೆಳಕು ಹಾಯಿಸಬೇಕು. ಗರ್ಭಗುಡಿಯ ಹತ್ತಿರ, ನವರಂಗದ (ಗುಡಿಯ ಒಳಮಂಟಪದ) ಒಳಗೆ ಆದರೆ ಟಾರ್ಚ್.

ಅಕ್ಷರದೊಳಗೆ ಸೀಮೆಸುಣ್ಣ ತುಂಬಿ ಫೋಟೊ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ಗೀರು, ಎಲ್ಲಿ ಕಲ್ಲಿನ ಬಿರುಕು ಅನ್ನುವುದನ್ನು ಸುಣ್ಣ ಹಾಕಿದವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಮುಂದೆ ಓದುವವರಿಗೆ ಕಲ್ಲು ಕಾಣುವುದಿಲ್ಲ, ಸುಣ್ಣ ಕಾಣುತ್ತದೆ. ಕಲ್ಲಿಗೂ ಅದು ಒಳ್ಳೆಯದಲ್ಲ. ಬೆಳಕಿನಿಂದ ಆಗುವ ಕೆಲಸಕ್ಕೆ ಸುಣ್ಣ ಯಾಕೆ ಬೇಕು?

ಹಾಗಾದರೆ ಕ್ಯಾಮೆರಾದಿಂದ ಬೇಕಾದ್ದೇನು? ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಇಲ್ಲಿ ಪೂರ್ತಿ ದಂಡ. ಅದು ಲೆನ್ಸ್ ಪಕ್ಕದಲ್ಲೇ ಇರುವುದರಿಂದ ಬೆಳಕು ನೇರ ಹೋಗಿ ನೆರಳನ್ನೆಲ್ಲ ಅಳಿಸುತ್ತದೆ. ಆದ್ದರಿಂದ ಫ್ಲ್ಯಾಶ್ ಆಫ್ ಮಾಡಿದರೆ ಆಫ್ ಆಗಿಯೇ ಇರಬೇಕು. ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕು ಹಿಡಿಯಬೇಕು ಅನ್ನುವುದು, ನಮ್ಮ ಕೈಯಲ್ಲಿರಬೇಕು, ಯಾಕೆಂದರೆ ಕಪ್ಪು ಕಲ್ಲನ್ನು ಕಂಡ ಆಟೋ ಮೋಡ್ ಅದನ್ನು ಬೂದು ಬಣ್ಣಕ್ಕೆ ಎಳೆದು ಬೆಳಗಿದ ಅಂಚನ್ನು ಸುಟ್ಟುಬಿಡುತ್ತದೆ. ಟ್ರೈಪಾಡ್ ಮೇಲೆ ಕೂರಬೇಕು. ಜೊತೆಗೆ ಲೆನ್ಸ್ ಜಾಸ್ತಿ ಬೆಳಕು ಒಳಗೆ ಬಿಡಬೇಕು, ಯಾಕೆಂದರೆ ಎಲ್ಲ ಕಡೆ ಟ್ರೈಪಾಡ್ ಹಾಕಲು ಬಿಡುವುದಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರದಂಥ ಕಡೆ, ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ, ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಅಲ್ಲಿ ಉಸಿರು ಬಿಗಿಹಿಡಿದು ಕೈಯಲ್ಲೇ ತೆಗೆಯಬೇಕು.

ಕೊನೆಯದು ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಾನೇ ತಿದ್ದದೆ ಹಾಗೇ ಇಡುವ ಫೈಲ್. ಸಣ್ಣ ಕ್ಯಾಮೆರಾ ಮಾಮೂಲಿ ಜೆಪೆಗ್ ಫೋಟೊ ಮಾಡುವಾಗ ಚುಕ್ಕೆ ಚುಕ್ಕೆ ಗದ್ದಲವನ್ನು (ನಾಯ್ಸ್) ಒರೆಸುತ್ತದೆ. ಮುಖದ ಫೋಟೊಗೆ ಅದು ಚೆಂದ. ಕಲ್ಲಿನ ಫೋಟೊದಲ್ಲಿ ಗದ್ದಲದ ಜೊತೆ ಕಲ್ಲಿನ ಕಣ, ಅಕ್ಷರದ ತೆಳು ಅಂಚು ಎಲ್ಲ ಒಟ್ಟಿಗೆ ಒರೆಸಿಹೋಗುತ್ತವೆ. ರಾ ಫೈಲ್ ಇದ್ದರೆ ಏನು ಉಳಿಸಬೇಕು ಅನ್ನುವುದನ್ನು ಮನೆಗೆ ಬಂದು ನಾವೇ ತೀರ್ಮಾನಿಸಬಹುದು. ರಾಥೆರಪಿ, ಡಾರ್ಕ್‌ಟೇಬಲ್ ತರದ ಸಾಫ್ಟ್‌ವೇರ್‌ಗಳು ಪೂರ್ತಿ ಉಚಿತ.

ಫೋನ್ ಸಾಲದಾ ಅಂತ ಅತ್ತೆಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಒಳ್ಳೆಯ ಫೋನೇ ಇದೆ. ಇಡೀ ಕಲ್ಲಿನ, ಸುತ್ತಲಿನ ಜಾಗದ ಫೋಟೊಗೆ ಫೋನ್ ಧಾರಾಳ ಸಾಕು, ಜಿಪಿಎಸ್ ಗುರುತೂ ತಾನಾಗಿ ಬೀಳುತ್ತದೆ. ಆದರೆ ಈಗಿನ ಫೋನ್‌ಗಳು ಹಲವು ಚಿತ್ರ ಒಟ್ಟಿಗೆ ತೆಗೆದು, ಬೆರೆಸಿ, ಕತ್ತಲೆಯನ್ನು ಎತ್ತಿ ತೋರಿಸುವುದಕ್ಕೇ ಪಳಗಿವೆ. ನಮಗೆ ಬೇಕಾದ ನೆರಳನ್ನೇ ಅವು ತಿಳಿ ಮಾಡುತ್ತವೆ. ಪ್ರೊ ಮೋಡ್ ಇರುವ ಫೋನಿನಲ್ಲಿ ಇದನ್ನು ತಕ್ಕಮಟ್ಟಿಗೆ ತಪ್ಪಿಸಬಹುದು, ನಿಜ. ಆದರೂ ಹತ್ತಿರ ಹೋಗಿ ತೆಗೆದಾಗ ಅಗಲದ ಲೆನ್ಸ್ ಕಲ್ಲಿನ ನೇರ ಅಂಚನ್ನು ವಾಲಿಸುತ್ತದೆ. ದಾರಿ ಕೇಳಲು, ಮನೆಗೆ ಹೇಳಲು ಬೇಕಾದ ಫೋನಿನ ಚಾರ್ಜ್ ಮಧ್ಯಾಹ್ನಕ್ಕೇ ಮುಗಿದರೆ ಅದೂ ತೊಂದರೆಯೇ ಅಲ್ವಾ?

ಹಳೆಯ ಫೋಟೊಗಳು ಹೇಳಿದ್ದು

ಕ್ಯಾಮೆರಾ ಹುಡುಕುವ ಮೊದಲು ಮಾವನ ಹಳೆಯ ಫೋಟೊಗಳ ಫೋಲ್ಡರ್ ತೆಗೆದು ಕೂತೆ. ಹಳೆಯ ಕ್ಯಾಮೆರಾ ಬದಲಿಸುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಪ್ರತಿ ಡಿಜಿಟಲ್ ಫೋಟೊದೊಳಗೂ ಅದನ್ನು ತೆಗೆದಾಗ ಝೂಮ್ ಎಷ್ಟಿತ್ತು, ಅಪರ್ಚರ್ (ಲೆನ್ಸ್‌ನ ಬಾಯಿ) ಎಷ್ಟು, ಶಟರ್ (ಬೆಳಕು ಒಳಬಿಟ್ಟ ಹೊತ್ತು) ಎಷ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಎಷ್ಟು, ಫ್ಲ್ಯಾಶ್ ಹೊಡೆಯಿತೋ ಇಲ್ಲವೋ ಎಲ್ಲ ಬರೆದಿರುತ್ತದೆ. ಎಕ್ಸಿಫ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಆಮೇಲೆ ಡೀಟೇಲ್ಸ್ ಒತ್ತಿದರೆ ಕಾಣುತ್ತದೆ. ನಮಗೆ ಏನು ಬೇಕು ಅಂತ ನಾವು ಅಂದುಕೊಂಡಿರುವುದು ಒಂದಿರುತ್ತದೆ, ನಿಜವಾಗಿ ಬಳಸಿದ್ದು ಇನ್ನೊಂದಿರುತ್ತದೆ.

ಮಾವ ಅಂದುಕೊಂಡಿದ್ದು 40 ಪಟ್ಟು ಝೂಮ್. ಪರಿಚಯದವರೊಬ್ಬರ ಕೈಯಲ್ಲಿ ಅಂಥದ್ದನ್ನು ನೋಡಿದ್ದರು. ಗೋಪುರದ ತುದಿಯ ಶಿಲ್ಪ ಕೈಗೆ ಸಿಗುವ ಹಾಗೆ ಕಾಣುತ್ತಿತ್ತಂತೆ.

ಅವರ ಫೋಟೊಗಳು ಹೇಳಿದ್ದು ಬೇರೆ. ಹಳೆಯ ಕ್ಯಾಮೆರಾದ ಲೆನ್ಸ್ 5 ಎಂಎಂನಿಂದ 20 ಎಂಎಂವರೆಗೆ, ಅಂದರೆ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 28ರಿಂದ 112. ಸಂಖ್ಯೆ ಹೆಚ್ಚಿದಷ್ಟೂ ಝೂಮ್ ಹೆಚ್ಚು. ಹೆಚ್ಚಿನ ಫೋಟೊಗಳು ಒಂದೋ 5 ಎಂಎಂನಲ್ಲಿ, ಇಲ್ಲವೇ 9ರಿಂದ 12ರ ನಡುವೆ. ಮೊದಲನೆಯವು ಇಡೀ ಕಲ್ಲು, ಜಾಗ ತೋರಿಸುವಂಥವು. ಎರಡನೆಯವು ಬರಹದ ಪಟ್ಟಿ, ಸ್ವಲ್ಪ ಹಿಂದೆ ನಿಂತು ಝೂಮ್ ಮಾಡಿ ಅಂಚು ವಾಲದ ಹಾಗೆ ತೆಗೆದವು. ಪೂರ್ತಿ 20 ಎಂಎಂನಲ್ಲಿ ತೆಗೆದವು ಕಡಿಮೆ. ಬಾಗಿಲವಾಡದ ಮೇಲಿನ ಶಿಲ್ಪ, ಛಾವಣಿಯ ಭುವನೇಶ್ವರಿ (ನಡುಛಾವಣಿಯ ಕೆತ್ತನೆ), ಅಷ್ಟೇ. ಅವುಗಳಲ್ಲಿ ಬಹುಪಾಲು ಅಲುಗಾಡಿದ್ದವು. ಶಟರ್ ನೋಡಿದರೆ ಸೆಕೆಂಡಿನ ಎಂಟನೇ ಒಂದು ಭಾಗ, ಐಎಸ್‌ಒ 800. ಝೂಮ್ ಸಾಲದೆ ಹಾಳಾದ ಫೋಟೊ ನನಗೆ ಕಾಣಲಿಲ್ಲ. ಬೆಳಕು ಸಾಲದೆ ಹಾಳಾದವು ರಾಶಿ ರಾಶಿ ಇದ್ದವು. ಫ್ಲ್ಯಾಶ್ ತಾನಾಗಿ ಹೊಡೆದು ಬರಹ ಬೆಳ್ಳಗಾದವೂ ಇದ್ದವು.

ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ತೋರಿಸಿದೆ. 40 ಪಟ್ಟು ಝೂಮ್‌ನ ಮಾತು ಅಲ್ಲಿಗೆ ನಿಂತಿತು.

ಮೆಗಾಪಿಕ್ಸೆಲ್ ಲೆಕ್ಕವೂ ಇಲ್ಲೇ ಮುಗಿಯಿತು. ಮಾವನ ಲೇಖನಗಳು ಪತ್ರಿಕೆಯಲ್ಲಿ ಅಚ್ಚಾಗುವುದು ಹೆಚ್ಚೆಂದರೆ ಒಂದು ಪುಟದ ಅಳತೆಗೆ. ಪೂರ್ತಿ ಎ4 ಪುಟಕ್ಕೆ 300 ಡಿಪಿಐನಲ್ಲಿ ಬೇಕಾಗುವುದು 2480×3508 ಬಿಂದು, ಅಂದರೆ 87 ಲಕ್ಷ. 12 ಮೆಗಾಪಿಕ್ಸೆಲ್ ಅಂದರೆ 1 ಕೋಟಿ 20 ಲಕ್ಷ. ಧಾರಾಳ ಸಾಕು.

ಈಗ ಸಿಗುವುದೇನು

ಶಿವಮೊಗ್ಗದ ಅಂಗಡಿಗಳಲ್ಲಿ ಸಣ್ಣ ಕ್ಯಾಮೆರಾ ಕೇಳಿದರೆ ಇಲ್ಲ ಅನ್ನುತ್ತಾರೆ. ಇದಕ್ಕೆ ಕಾರಣ ಇದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ ಲೆಕ್ಕದ ಪ್ರಕಾರ, ಲೆನ್ಸ್ ಬದಲಿಸಲಾಗದ ಕ್ಯಾಮೆರಾಗಳು 2010ರಲ್ಲಿ ಸುಮಾರು 10.9 ಕೋಟಿ ಹೊರಬಿದ್ದಿದ್ದವು. 2023ರಲ್ಲಿ ಆ ಸಂಖ್ಯೆ ಸುಮಾರು 17 ಲಕ್ಷ. ಫೋನ್ ಬಂದು ಇಡೀ ಸಂತೆಯೇ ಎದ್ದುಹೋಯಿತು. ಕ್ಯಾಸಿಯೊ 2018ರಲ್ಲಿ ಸಣ್ಣ ಕ್ಯಾಮೆರಾ ಮಾಡುವುದನ್ನೇ ಬಿಟ್ಟಿತು. ಉಳಿದವರು ಅಗ್ಗದ ಮಾಡೆಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿದರು. ಭಾರತದಲ್ಲಿ 2019ರ ಜನವರಿಯಿಂದ ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿಯಿತು, ಆದರೆ ಅಷ್ಟರಲ್ಲಿ ಅಗ್ಗದ ಕ್ಯಾಮೆರಾಗಳೇ ಕಡಿಮೆಯಾಗಿದ್ದವು.

ಈಚೆಗೆ ಹುಡುಗ ಹುಡುಗಿಯರಿಗೆ ಹಳೆಯ ಡಿಜಿಟಲ್ ಕ್ಯಾಮೆರಾದ ಹುಚ್ಚು ಹಿಡಿದು ಗಾಳಿ ಮತ್ತೆ ತಿರುಗಿದೆ. 2016ರಲ್ಲಿ ಬಂದಿದ್ದ ಇಕ್ಸಸ್ 285 ಎಚ್‌ಎಸ್ ಅನ್ನು ಕ್ಯಾನನ್ 2025ರಲ್ಲಿ ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವಂತೆ ಮಾಡಿ ಮತ್ತೆ ಹೊರತಂದಿತು. ಒಂಬತ್ತು ವರ್ಷದ ಹಿಂದಿನ ಕ್ಯಾಮೆರಾವನ್ನು ಕಂಪನಿಯೇ ಮತ್ತೆ ಮಾರುತ್ತದೆ ಅಂದರೆ ಬೇಡಿಕೆ ಹೇಗಿರಬೇಕು ನೋಡಿ. ಇದರ ಬಿಸಿ ಸೆಕೆಂಡ್ ಹ್ಯಾಂಡ್ ಬೆಲೆಗೂ ತಟ್ಟಿದೆ. ಮೊದಲು ಡ್ರಾಯರ್‌ನಲ್ಲಿ ಬಿದ್ದಿದ್ದ ಸಾದಾ ಕ್ಯಾಮೆರಾಗಳಿಗೂ ಈಗ ಜೋರು ಬೆಲೆ ಹೇಳುತ್ತಾರೆ.

ಆನ್‌ಲೈನ್‌ನಲ್ಲಿ ಮೂರು ನಾಲ್ಕು ಸಾವಿರಕ್ಕೆ 48 ಮೆಗಾಪಿಕ್ಸೆಲ್, 4ಕೆ ಎಂದು ಬರೆದ, ಹೆಸರೇ ಕೇಳದ ಹೊಸ ಕ್ಯಾಮೆರಾಗಳು ಸಾಲುಗಟ್ಟಿ ನಿಂತಿವೆ. ಇಂಥವುಗಳ ಹತ್ತಿರ ಹೋಗಬೇಡಿ ಅನ್ನುವುದು ನನ್ನ ಖಡಾಖಂಡಿತ ಮಾತು. ಲೆನ್ಸ್ ಸರಿಯುವುದಿಲ್ಲ, 16 ಪಟ್ಟು ಝೂಮ್ ಅಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು ಅಷ್ಟೇ. ಮೆಗಾಪಿಕ್ಸೆಲ್ ಕೂಡ ಹಾಗೆಯೇ ಹಿಗ್ಗಿಸಿದ ಸಂಖ್ಯೆ. ಪಟ್ಟಿಯಲ್ಲಿ ‘ಆಪ್ಟಿಕಲ್ ಝೂಮ್’ ಎಂಬ ಮಾತು ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಹೆಸರಿರುವ ಹೊಸದರಲ್ಲಿ ಕೊಡಾಕ್ ಪಿಕ್ಸ್‌ಪ್ರೊ ಎಫ್‌ಝಡ್45 ಮಾವನಿಗೆ ಬಹಳ ಹಿಡಿಸಿತು. ಕಾರಣ, ಎರಡು ಎಎ ಸೆಲ್‌ನಲ್ಲಿ ನಡೆಯುತ್ತದೆ. ಸೆಲ್ ಮುಗಿದರೆ ಆನವಟ್ಟಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ ಅನ್ನುವುದು ಅವರ ಧೈರ್ಯ. 16 ಮೆಗಾಪಿಕ್ಸೆಲ್, 4 ಪಟ್ಟು ನಿಜವಾದ ಝೂಮ್. ಮನೆಮಂದಿಯ ಫೋಟೊ, ಪ್ರವಾಸ, ಮಕ್ಕಳ ಕೈಗೆ ಕೊಡಲು ತಪ್ಪಿಲ್ಲದ ಕ್ಯಾಮೆರಾ. ಆದರೆ ಬೆಳಕು ಹಿಡಿಯುವ ಸೆನ್ಸರ್ ಹಳೆಯದರಷ್ಟೇ ಸಣ್ಣದು, ರಾ ಫೈಲ್ ಇಲ್ಲ. ಹಳೆಯ ಕ್ಯಾಮೆರಾ ಎಲ್ಲಿ ಸೋತಿತ್ತೋ ಇದೂ ಅಲ್ಲೇ ಸೋಲುತ್ತಿತ್ತು. ಇಕ್ಸಸ್ 285 ಅಂಗಿ ಜೇಬಿಗೆ ಹೇಳಿ ಮಾಡಿಸಿದ ಹಾಗಿದೆ, ಝೂಮ್ 12 ಪಟ್ಟು. ಅದರಲ್ಲೂ ರಾ ಇಲ್ಲ, ಪೂರ್ತಿ ಮ್ಯಾನ್ಯುಯಲ್ ಮೋಡ್ ಇಲ್ಲ. ಅಗಲದ ತುದಿಯಲ್ಲಿ, ಅಂದರೆ ಝೂಮ್ ಮಾಡದಿದ್ದಾಗ, ಅಪರ್ಚರ್ ಎಫ್/3.6, ಪೂರ್ತಿ ಝೂಮ್‌ನಲ್ಲಿ ಎಫ್/7. ಈ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್‌ನ ಬಾಯಿ ಕಿರಿದು. ಮಬ್ಬುಗತ್ತಲ ನವರಂಗದಲ್ಲಿ ಎಫ್/7 ಅಂದರೆ ಕೈಕಟ್ಟಿ ಕೂರಬೇಕು. 40 ಪಟ್ಟು ಝೂಮ್‌ನ ಕ್ಯಾನನ್ ಎಸ್‌ಎಕ್ಸ್740 ತರದವು ಬಜೆಟ್ ದಾಟುತ್ತಿದ್ದವು. ಅದರಲ್ಲೂ ರಾ ಇಲ್ಲ, ಸೆನ್ಸರ್ ಅದೇ ಸಣ್ಣದು.

ಉಳಿದದ್ದು ಒಂದೇ ದಾರಿ. ಒಂದು ಕಾಲದಲ್ಲಿ ದುಬಾರಿಯಾಗಿದ್ದ, ಫೋಟೊ ಗೀಳಿನವರಿಗೆಂದೇ ಮಾಡಿದ್ದ ಸಣ್ಣ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು.

ಇಲ್ಲಿ ಸೆನ್ಸರ್ ಅಳತೆ ಒಂದಿಷ್ಟು ಹೇಳಬೇಕು. ಸಾದಾ ಕ್ಯಾಮೆರಾಗಳ ಸೆನ್ಸರ್ 1/2.3 ಇಂಚಿನದು ಅನ್ನುತ್ತಾರೆ, ಅದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. 1/1.7 ಇಂಚಿನದಾದರೆ ಸುಮಾರು 42. 1 ಇಂಚಿನದು 116. ಜಾಗ ಹೆಚ್ಚಿದ್ದಷ್ಟೂ ಹಿಡಿಯುವ ಬೆಳಕು ಹೆಚ್ಚು. ಇದಕ್ಕೆ ಲೆನ್ಸ್‌ನ ಬಾಯಿಯ ಲೆಕ್ಕ ಸೇರಿಸಿ. ಎಫ್/2 ಲೆನ್ಸ್ ಎಫ್/3.6ಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಬೆಳಕು ಬಿಡುತ್ತದೆ.

1 ಇಂಚಿನ ಸೆನ್ಸರ್‌ನ ಸೋನಿ ಆರ್‌ಎಕ್ಸ್100, 2012ರಲ್ಲಿ ಬಂದದ್ದು, ಚಿತ್ರದ ಗುಣದಲ್ಲಿ ಈ ಗುಂಪಿನಲ್ಲಿ ಎಲ್ಲಕ್ಕಿಂತ ಮುಂದೆ. ಅದರಲ್ಲಿ ಅನುಮಾನವೇ ಇಲ್ಲ. ₹15,000ದೊಳಗೆ ನಮಗೆ ಕಂಡವು ಮಾತ್ರ ತೀರಾ ಸವೆದವು, ಒಂದರ ಲೆನ್ಸ್‌ನೊಳಗೆ ಫಂಗಸ್ ಕೂಡ ಇತ್ತು. ಚೆನ್ನಾಗಿದ್ದವು ಬಜೆಟ್ ಮೀರಿದ್ದವು. ಕ್ಯಾನನ್‌ನ ಎಸ್ ಸರಣಿ, ಅಂದರೆ ಎಸ್90, ಎಸ್95, ಎಸ್100, ಎಸ್110, ಎಸ್120, ಇವೆಲ್ಲ 1/1.7 ಇಂಚಿನ ಸೆನ್ಸರ್‌ನವು. ಎಲ್ಲದರಲ್ಲೂ ರಾ ಇದೆ, ಪೂರ್ತಿ ಮ್ಯಾನ್ಯುಯಲ್ ಇದೆ, ಎಲ್ಲವೂ ಜೇಬಿನಲ್ಲಿ ಕೂರುತ್ತವೆ. ಎಸ್100ರ ಕೆಲವು ಕ್ಯಾಮೆರಾಗಳಲ್ಲಿ ಲೆನ್ಸ್ ದೋಷ ಇದೆ ಎಂದು ಕಂಪನಿಯೇ ಆಗ ಪ್ರಕಟಿಸಿತ್ತು, ಆದ್ದರಿಂದ ಅದನ್ನು ಬಿಟ್ಟೆವು. ಕಣ್ಣು ನಿಂತದ್ದು 2012ರ ಎಸ್110 ಮೇಲೆ. 12 ಮೆಗಾಪಿಕ್ಸೆಲ್, 24ರಿಂದ 120 ಎಂಎಂ ಲೆಕ್ಕದ ಝೂಮ್, ಅಗಲದ ತುದಿಯಲ್ಲಿ ಎಫ್/2, ತೂಕ 200 ಗ್ರಾಂನೊಳಗೆ. ಮಾವ ಹಿಂದೆ ಬಳಸಿದ 28ರಿಂದ 112 ಪೂರ್ತಿ ಇದರೊಳಗೆ ಬರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಎಫ್/2 ಸಿಗುವುದು ಪೂರ್ತಿ ಅಗಲದಲ್ಲಿ ಮಾತ್ರ. ಝೂಮ್ ಮಾಡಿದಂತೆ ಬಾಯಿ ಕಿರಿದಾಗಿ ಕೊನೆಗೆ ಎಫ್/5.9ಕ್ಕೆ ಬರುತ್ತದೆ. ಬರಹದ ಪಟ್ಟಿ ತೆಗೆಯುವ ನಡು ಝೂಮ್‌ನಲ್ಲಿ ಲೆನ್ಸ್‌ನ ಲಾಭ ಅಷ್ಟಿಲ್ಲ. ಅಲ್ಲಿ ನೆರವಿಗೆ ಬರುವುದು ಸೆನ್ಸರ್, ರಾ ಫೈಲ್ ಮತ್ತು ಟ್ರೈಪಾಡ್.

ಕೈಗೆ ತೆಗೆದುಕೊಂಡು ನೋಡುವಾಗ

ಶಿವಮೊಗ್ಗದಲ್ಲೇ ಒಬ್ಬರ ಬಳಿ ಎಸ್110 ಇದೆ ಎಂದು ತಿಳಿದು ಅವರ ಮನೆಗೇ ಹೋದೆವು. ಸಣ್ಣ ಕ್ಯಾಮೆರಾವನ್ನು ಫೋಟೊ ನೋಡಿ ಕೊರಿಯರ್‌ನಲ್ಲಿ ತರಿಸುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸ್ ಕೆಟ್ಟರೆ ಬೇರೆ ಲೆನ್ಸ್ ಹಾಕಬಹುದು. ಇದರಲ್ಲಿ ಲೆನ್ಸ್ ಹೋದರೆ ಎಲ್ಲ ಹೋದ ಹಾಗೆ.

ಮೊದಲು ಕಿವಿಗೆ ಕೆಲಸ. ಆನ್ ಮಾಡಿ, ಆಫ್ ಮಾಡಿ, ಝೂಮ್ ಪೂರ್ತಿ ಹೋಗಿ ಬರಲಿ. ಕ್ಯಾಮೆರಾವನ್ನು ಮೇಲ್ಮುಖ, ಕೆಳಮುಖ ಮಾಡಿ ಮತ್ತೆ ಅದನ್ನೇ ಮಾಡಿ. ಸದ್ದು ಒಂದೇ ಹದದಲ್ಲಿ ಇರಬೇಕು. ನಡುವೆ ತಡೆದು ಮುಂದೆ ಹೋದರೆ ಬೇಡ. ಆಮೇಲೆ ಲೆನ್ಸ್‌ನೊಳಕ್ಕೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಯೋಚನೆ ಇಲ್ಲ. ಜೇಡರ ಬಲೆಯ ತೆಳು ಎಳೆಗಳಂತೆ ಕಂಡರೆ ಅದು ಫಂಗಸ್. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ಸಾಮಾನ್ಯ, ಸಣ್ಣ ಕ್ಯಾಮೆರಾದ ಲೆನ್ಸ್ ಬಿಚ್ಚಿ ಒರೆಸುವುದು ಸುಲಭವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ದಿನಪತ್ರಿಕೆಯದು. ಕನ್ನಡ ಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. ಕ್ಯಾಮೆರಾವನ್ನು ಮೇಜಿನ ಮೇಲೆ ಪುಸ್ತಕ ಪೇರಿಸಿ ಅದಕ್ಕೆ ನೇರ ಎದುರು ಇಡಿ. ಎರಡು ಸೆಕೆಂಡ್ ಟೈಮರ್ ಹಾಕಿ ಅಗಲದ ತುದಿಯಲ್ಲಿ ಒಂದು, ಪೂರ್ತಿ ಝೂಮ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ನಾಲ್ಕೂ ಮೂಲೆಯ ಒತ್ತಕ್ಷರಗಳನ್ನು ನೋಡಿ. ನಾಲ್ಕೂ ಮೂಲೆ ಸಮನಾಗಿ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸ್‌ನ ಗುಣ. ಒಂದೇ ಮೂಲೆ ಮಾತ್ರ ಕಲಸಿಹೋಗಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದಿದೆ, ಒಳಗಿನ ಗಾಜು ವಾಲಿದೆ ಎಂದು ಅರ್ಥ. ಹೊರಗೆ ಒಂದು ಗೀರೂ ಇಲ್ಲದ ಕ್ಯಾಮೆರಾದಲ್ಲೂ ಇದು ಇರಬಹುದು. ಶಾಸನದ ಪಟ್ಟಿಯ ಕೊನೆಯ ಅಕ್ಷರ ಬೀಳುವುದು ಅಂಥ ಮೂಲೆಯಲ್ಲೇ.

ಅಪರ್ಚರ್ ಎಫ್/8ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದೆವು, ಸೆನ್ಸರ್ ಮೇಲೆ ಧೂಳಿದ್ದರೆ ಮಸಿ ಚುಕ್ಕೆಯಾಗಿ ಕಾಣುತ್ತದೆ. ಬ್ಯಾಟರಿ ಊದಿದೆಯೇ ನೋಡಿದೆವು. ಬ್ಯಾಟರಿ ತೆಗೆದು ಮತ್ತೆ ಹಾಕಿದಾಗ ದಿನಾಂಕ ನೆನಪಿದೆಯೇ ನೋಡಿದೆವು. ಯಾವ ಕಲ್ಲನ್ನು ಯಾವತ್ತು ತೆಗೆದದ್ದು ಅನ್ನುವುದು ಮಾವನ ಕೆಲಸದಲ್ಲಿ ಮುಖ್ಯ, ಕ್ಯಾಮೆರಾ ತಾರೀಕು ಮರೆಯುವ ಹಾಗಿಲ್ಲ. ಹಳೆಯ ಕ್ಯಾಮೆರಾದ 32 ಜಿಬಿ ಕಾರ್ಡ್ ಹಾಕಿ ನೋಡಿದೆವು, ಸಲೀಸಾಗಿ ಓದಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕಾರ್ಡ್ ಕಡೆ ಗಮನ ಇರಲಿ. ಒಲಿಂಪಸ್, ಫ್ಯೂಜಿಯ ಹಳೆಯವು ಎಕ್ಸ್‌ಡಿ ಕಾರ್ಡ್ ಕೇಳುತ್ತವೆ, ಸೋನಿಯ ಹಳೆಯವು ಮೆಮೊರಿ ಸ್ಟಿಕ್ ಕೇಳುತ್ತವೆ. ಕ್ಯಾಮೆರಾ ಅಗ್ಗಕ್ಕೆ ಸಿಕ್ಕರೂ ಕಾರ್ಡ್ ಹುಡುಕಿ ಸುಸ್ತಾಗುತ್ತೀರಿ.

ಎಲ್ಲ ಸರಿ ಕಂಡಿತು, ಕೊಂಡೆವು. ಬಜೆಟ್‌ನ ಮುಕ್ಕಾಲು ಪಾಲು ಕ್ಯಾಮೆರಾಗೆ ಹೋಯಿತು. ಉಳಿದದ್ದರಲ್ಲಿ ಎರಡು ಹೆಚ್ಚುವರಿ ಬ್ಯಾಟರಿ, ಪವರ್ ಬ್ಯಾಂಕ್‌ನಿಂದಲೂ ಚಾರ್ಜ್ ಆಗುವ ಯುಎಸ್‌ಬಿ ಚಾರ್ಜರ್, ಸಣ್ಣ ಟ್ರೈಪಾಡ್, ಒಂದು ಚೀಲ. ಬಜೆಟ್ ಹಾಕುವಾಗ ಈ ಕಾಲು ಭಾಗವನ್ನು ಮೊದಲೇ ತೆಗೆದಿಡಿ. ಈ ಕ್ಯಾಮೆರಾದಲ್ಲಿ ಒಂದು ಚಾರ್ಜ್‌ಗೆ ಸಿಗುವುದು 200 ಫೋಟೊ ಆಸುಪಾಸು, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಎಎ ಸೆಲ್ ಬಿಡಲು ಮಾವ ಒಪ್ಪಿದ್ದೇ ಬ್ಯಾಟರಿ ಮೂರು ಇರುತ್ತವೆ ಅಂದಮೇಲೆ.

ಕಲ್ಲಿನ ಮುಂದೆ

ಮೊದಲು ಹೋದದ್ದು ಹತ್ತಿರದ ಒಂದು ಕೆರೆ ಏರಿಯ ವೀರಗಲ್ಲಿಗೆ. ಹಳೆಯ ಕ್ಯಾಮೆರಾದಲ್ಲಿ ಮಾವ ಇದನ್ನು ತೆಗೆದಿದ್ದರು, ಹೋಲಿಸಿ ನೋಡಲು ಅನುಕೂಲ. ಬೆಳಗಿನ ಬಿಸಿಲು ಎಡಗಡೆಯಿಂದ ಸವರುತ್ತಿತ್ತು. ಟ್ರೈಪಾಡ್ ಮೇಲೆ ಇಟ್ಟು, ಲೆನ್ಸ್ ಕಲ್ಲಿನ ಮುಖಕ್ಕೆ ನೇರವಾಗಿ, ಬರಹದ ಪಟ್ಟಿಯ ಎತ್ತರಕ್ಕೇ ತಂದೆವು. ಐಎಸ್‌ಒ 80, ಮ್ಯಾನ್ಯುಯಲ್ ಮೋಡ್, ಫ್ಲ್ಯಾಶ್ ಆಫ್, ಎರಡು ಸೆಕೆಂಡ್ ಟೈಮರ್. ಬೆಳಗಿದ ಅಂಚು ಸುಡದಂತೆ ಶಟರ್ ಹೊಂದಿಸಿದೆವು. ಪಕ್ಕದಲ್ಲಿ ಅಳತೆಪಟ್ಟಿ. ಪಟ್ಟಿ ಉದ್ದ ಇದ್ದದ್ದರಿಂದ ಎಡದಿಂದ ಬಲಕ್ಕೆ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಬಿಡಿಬಿಡಿಯಾಗಿ ತೆಗೆದೆವು. ಆಮೇಲೆ ಕನ್ನಡಿ ಹಿಡಿದು ಬಲಗಡೆಯಿಂದ ಬೆಳಕು ಹಾಯಿಸಿ ಅದನ್ನೇ ಮತ್ತೆ. ಒಂದು ಕಡೆಯ ಬೆಳಕಿಗೆ ಅಡಗುವ ಗೀರು ಇನ್ನೊಂದು ಕಡೆಯದಕ್ಕೆ ಎದ್ದು ಬರುತ್ತದೆ.

ರಾತ್ರಿ ರಾ ಫೈಲ್ ತೆರೆದು, ಗದ್ದಲ ಒರೆಸುವುದನ್ನು ಪೂರ್ತಿ ಸೊನ್ನೆಗೆ ಇಳಿಸಿ, ನೆರಳು ಬೆಳಕಿನ ಅಂತರ ಸ್ವಲ್ಪ ಏರಿಸಿದೆವು. ಕಲ್ಲಿನ ಕಣ ಕಣ ಕಾಣುತ್ತಿತ್ತು. ಹಳಗನ್ನಡ ಲಿಪಿಯಲ್ಲಿ ಪ, ವ, ಮ ಒಂದನ್ನೊಂದು ಹೋಲುತ್ತವೆ, ಮೇಲಿನ ಒಂದು ಸಣ್ಣ ತಿರುವು ಸವೆದರೂ ಓದು ಬದಲಾಗುತ್ತದೆ. ಹಳೆಯ ಫೋಟೊದಲ್ಲಿ ಕಲೆಯಂತೆ ಕಂಡಿದ್ದ ಒಂದು ಅಕ್ಷರದ ಮೇಲ್ಭಾಗ ಇದರಲ್ಲಿ ಬಿಡಿಯಾಗಿ ಕಂಡಿತು. ಮಾವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. “ನಾನು ಇದನ್ನ ವ ಅಂತ ಓದಿದ್ದೆ ನೋಡು. ಇದು ಪ” ಎಂದವರೇ ನೋಟ್‌ಬುಕ್ ತೆಗೆದು ತಿದ್ದಿಕೊಂಡರು. ನನಗಂತೂ ಕೊಟ್ಟ ದುಡ್ಡು ಅಲ್ಲಿಗೇ ಸಾರ್ಥಕ ಅನ್ನಿಸಿತು.

ತೊಂದರೆಗಳೂ ಇವೆ. ಹಳೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಇತ್ತು, ಇದರಲ್ಲಿ ಇಲ್ಲ. ಜೋರು ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಕೊಡೆ ಹಿಡಿಯಬೇಕು. ಟಚ್ ಸ್ಕ್ರೀನ್‌ಗೆ ಬೆರಳು ತಾಗಿ ಫೋಕಸ್ ಎಲ್ಲೆಲ್ಲೋ ಹೋಗುತ್ತಿತ್ತು, ಸೆಟ್ಟಿಂಗ್‌ನಲ್ಲಿ ಮುಟ್ಟಿ ಫೋಟೊ ತೆಗೆಯುವುದನ್ನು ಬಂದ್ ಮಾಡಿದೆವು. ವೈಫೈ ಇದೆ, ಆದರೆ ಇಷ್ಟು ಹಳೆಯ ಕ್ಯಾಮೆರಾದ ವೈಫೈಯನ್ನು ಈಗಿನ ಫೋನ್ ಜೊತೆ ಹೊಂದಿಸುತ್ತ ಕೂರುವುದಕ್ಕಿಂತ ಫೋನಿಗೆ ಚುಚ್ಚುವ ಕಾರ್ಡ್ ರೀಡರ್ ಒಂದು ಕೊಂಡರೆ ಕೆಲಸ ಸಲೀಸು.

ಮಳೆಗಾಲಕ್ಕೆ ಬೇರೆ ಏರ್ಪಾಡು ಮಾಡಿದ್ದೇವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಸಣ್ಣ ಬಿಸಿಯಲ್ಲಿ ಒಣಗಿಸಿ ಮತ್ತೆ ಹಾಕಬೇಕು. ಕ್ಯಾಮೆರಾವನ್ನು ಚರ್ಮದ ಚೀಲದೊಳಗೆ ಹಾಕಿ ಬೀರುವಿನಲ್ಲಿ ಇಡುವುದು ಮಲೆನಾಡಿನಲ್ಲಿ ಫಂಗಸ್‌ಗೆ ಮನೆ ಕಟ್ಟಿಕೊಟ್ಟ ಹಾಗೆ. ಸ್ಕೂಟರ್‌ನಲ್ಲಿ ಹೋಗುವಾಗ ಮಾತ್ರ ಚೀಲ, ಅದೂ ಜಿಪ್ ಇರುವುದು. ಅಂಗಿ ಜೇಬಿನ ದಾರದ ಹಿಂಜು, ನಶ್ಯದ ಪುಡಿ ಇದೇ ಲೆನ್ಸ್ ಕೊಳವೆಗೆ ವೈರಿ.

ಇದೇ ಕ್ಯಾಮೆರಾ ಎಲ್ಲರಿಗೂ ಸರಿ ಅಂತ ನಾನು ಹೇಳುವುದಿಲ್ಲ. ಮದುವೆ ಮುಂಜಿಗೆ, ಮಕ್ಕಳ ಪ್ರವಾಸಕ್ಕೆ ಬೇಕಾದವರು ಇಕ್ಸಸ್ ಅಥವಾ ಕೊಡಾಕ್ ಕಡೆ ಹೋಗಲಿ, ರಾ ಫೈಲ್‌ನ ತಲೆನೋವು ಅವರಿಗೆ ಬೇಡ. ಹಕ್ಕಿ ನೋಡುವವರಿಗೆ ದೊಡ್ಡ ಝೂಮ್ ಬೇಕೇ ಬೇಕು. ಕೈಯಲ್ಲಿ ಐದು ಸಾವಿರ ಮಾತ್ರ ಇದ್ದರೆ ಸದ್ಯಕ್ಕೆ ಫೋನನ್ನೇ ಚೆನ್ನಾಗಿ ಬಳಸಿ, ಆ ದುಡ್ಡಲ್ಲಿ ಒಂದು ಟ್ರೈಪಾಡ್, ಒಳ್ಳೆಯ ಟಾರ್ಚ್ ಕೊಳ್ಳಿ.

ಮಾವನ ಕೆಲಸದಲ್ಲಿ ಇನ್ನೂ ಬಗೆಹರಿಯದ್ದು ಒಂದಿದೆ. ಛಾವಣಿಯ, ಬಾಗಿಲವಾಡದ ಮೇಲಿನ ಸಣ್ಣ ಶಿಲ್ಪಗಳು. 120 ಎಂಎಂನಲ್ಲಿ ತೆಗೆದು ಕತ್ತರಿಸಿಕೊಂಡರೆ ಪತ್ರಿಕೆಯ ಕಾಲು ಪುಟಕ್ಕೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಆಗುವುದಿಲ್ಲ. ಹಾಗಾಗಿ ಅಂಥ ಜಾಗಗಳ ಪಟ್ಟಿ ಬೇರೆಯೇ ಮಾಡುತ್ತಿದ್ದಾರೆ. ಅನುಮತಿ ಬೇಕಾದ ಕಡೆ ಅನುಮತಿ ಪಡೆದು, ಶಿವಮೊಗ್ಗದಿಂದ ಒಂದು ದೊಡ್ಡ ಕ್ಯಾಮೆರಾ, ಉದ್ದನೆಯ ಲೆನ್ಸ್ ಬಾಡಿಗೆಗೆ ತಂದು, ಎಲ್ಲವನ್ನೂ ಒಟ್ಟಿಗೆ ತೆಗೆದು ಮುಗಿಸುವುದು ಸದ್ಯದ ಯೋಚನೆ. ಪಟ್ಟಿಯಲ್ಲಿ ಕುಬಟೂರಿನ ಕೈಟಭೇಶ್ವರ ದೇವಸ್ಥಾನ ಮೊದಲಿದೆ.